ಮುಗಿಸತಕ್ಕದ್ದಲ್ಲ

ಕಳಸದ ಬಸ್‌ಸ್ಟ್ಯಾಂಡಿನ ಹಿಂದಿರುವ ಪ್ರೇಮಕುಮಾರಿಯ ಮಳಿಗೆಯಲ್ಲಿ ಯಾವುದೇ ವಸ್ತುವನ್ನು ಪೂರ್ತಿ ಮಾಡುವುದು ೨೦೦೪ನೇ ಇಸವಿಯಿಂದ ನಿಯಮಬಾಹಿರವಾಗಿದೆ. ಈ ಬಗ್ಗೆ ಊರಿನವರಿಗಾಗಲಿ, ಮಳಿಗೆ ಕೊಟ್ಟ ಮಂಡಳಿಗಾಗಲಿ ಯಾವ ತಕರಾರೂ ಇಲ್ಲ.

ತೋಟದಲ್ಲಿ ಕಿತ್ತೆಸೆದ ಮುದಿ ಕಾಫಿ ಗಿಡದ ಬೊಡ್ಡೆಗಳಲ್ಲಿ ಆನೆ, ನವಿಲು, ದೀಪದ ಕಂಬ ಕೆತ್ತಿ ಹೋಮ್‌ಸ್ಟೇಗಳಿಗೆ ಮಾರುವುದು ಪ್ರೇಮಕುಮಾರಿಯ ಉದ್ಯಮ. ಕೆತ್ತನೆಯಲ್ಲಿ ಅವಳನ್ನು ಮೀರಿಸುವವರು ಸುತ್ತಮುತ್ತ ಇರಲಿಲ್ಲ; ಅವಳನ್ನು ಒಂದು ಕಡೆ ಕೂರಿಸುವವರೂ ಇರಲಿಲ್ಲ. ಆನೆಯ ಬೆನ್ನು ನುಣುಪು ಮಾಡುವಾಗ ಪಕ್ಕದ ಬೊಡ್ಡೆಯಲ್ಲಿ ನವಿಲು ಕಾಣುತ್ತಿತ್ತು. ನವಿಲಿಗೆ ಬಣ್ಣ ತರಲು ಹೊರಟರೆ ದಾರಿಯಲ್ಲಿ ಯಾರದೋ ಜೀಪಿನ ಹರಿದ ಸೀಟು ಕಾಣುತ್ತಿತ್ತು. ಸಂಜೆ ರೆಕ್ಸಿನ್ ಸುರುಳಿ ಹೊತ್ತು ವಾಪಸಾದಾಗಲೇ ಬಣ್ಣದ ನೆನಪು. ಮೋಂಬತ್ತಿ, ಬಾಟಿಕ್, ಗ್ರೀಟಿಂಗ್ ಕಾರ್ಡು ಎಲ್ಲ ಹೀಗೇ ಕೈಬಿಟ್ಟು ಹೋಗಿದ್ದವು. ಅವಳಾಗಿ ಬಿಟ್ಟು ಎದ್ದು ಹೋಗದೆ ಉಳಿದದ್ದು ಈ ಮಳಿಗೆ ಒಂದೇ.

ಮಳಿಗೆ ಗಿರಿ ಕುಶಲಕಲಾ ಮಂಡಳಿಯದು. ಉತ್ಪಾದನೆ ಇಲ್ಲವೆಂದು ಕಂಡುಬಂದರೆ ಅದನ್ನು ಖಾಲಿ ಮಾಡಿಸಿ, ಕೋಳಿ ಅಂಗಡಿ ಇಡಲು ತುದಿಗಾಲಲ್ಲಿ ನಿಂತಿದ್ದ ಸುರೇಂದ್ರನಿಗೆ ಕೊಡಲು ಅವಕಾಶವಿತ್ತು. ಹಾಗಾಗಿ ಮಂಡಳಿಯ ಇನ್‌ಸ್ಪೆಕ್ಟರ್ ಗುರುವಯ್ಯನವರು ಒಳಗೆ ಕಾಲಿಟ್ಟಾಗ ಅವಳು ಕೈಯಲ್ಲಿದ್ದ ರೆಕ್ಸಿನ್ ಬಿಟ್ಟು ಉಳಿ ಎತ್ತಿಕೊಂಡಳು.

"ಇದೇನಮ್ಮಾ?"

"ಆನೆ ಸಾರ್."

"ಸೊಂಡಿಲು?"

"ಬರ್ತದೆ ಸಾರ್."

"ಇದು?"

"ನವಿಲು. ಸದ್ಯ ಕುತ್ತಿಗೆ ಬಂದಿದೆ."

"ಮುಗಿದದ್ದು ಒಂದಾದ್ರೂ ತೋರ್ಸಿ ಮಾರಾಯ್ರೇ!"

ಗಲ್ಲಾದಲ್ಲಿ ಕುಳಿತಿದ್ದ ಅವಳ ಅತ್ತಿಗೆ ವಿಮಲಮ್ಮ ಎದ್ದು ನಿಂತರು. "ಅವಳಿಗೆ ಎ.ಡಿ.ಎಚ್.ಡಿ. ಇದೆ ಸಾರ್. ಮಂಗಳೂರಿನ ಡಾಕ್ಟ್ರೇ ಹೇಳಿದಾರೆ. ಗಮನ ಒಂದು ಕಡೆ ನಿಲ್ಲಲ್ಲ, ಚಿಕ್ಕಂದಿನಿಂದ ಹಾಗೇ."

ಗುರುವಯ್ಯನವರು ಪೆನ್ನು ತೆಗೆದು, ಯಂತ್ರೋಪಕರಣಗಳ ಕಾಲಮ್ಮಿನಲ್ಲಿ ಉಳಿ, ಸುತ್ತಿಗೆಯ ಕೆಳಗೆ ಅದನ್ನೂ ಬರೆದುಕೊಂಡರು. "ಎಷ್ಟು ಹಾರ್ಸ್‌ಪವರ್?"

"ದಿನಕ್ಕೊಂದು ತರ ಸಾರ್," ಎಂದಳು ಪ್ರೇಮಕುಮಾರಿ, ಪ್ರಾಮಾಣಿಕವಾಗಿ.

ಉತ್ಪಾದನೆ ಇಲ್ಲ ಎಂದು ಬರೆಯಲು ಒಂದು ತೊಡಕಿತ್ತು. ಹಿಂದಿನ ವರ್ಷ ಮಳೆಗೆ ಹೆದರಿ, ಚಿಕ್ಕಮಗಳೂರಿನ ಕಚೇರಿಯಲ್ಲೇ ಕುಳಿತು 'ಉತ್ಪಾದನೆ ಅತ್ಯುತ್ತಮ' ಎಂದು ವರದಿ ಕೊಟ್ಟವರು ಸ್ವತಃ ಗುರುವಯ್ಯನವರು. ಮಂಡಳಿ ತಪ್ಪು ಮಾಡುವುದಿಲ್ಲವಾದ್ದರಿಂದ, ಉತ್ಪಾದನೆ ಎಂಬುದರ ವ್ಯಾಖ್ಯೆಯೇ ತಪ್ಪಿರಬೇಕಿತ್ತು. ವಿಮಲಮ್ಮ ಕೊಟ್ಟ ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಮಳಿಗೆಯು 'ಅಪೂರ್ಣ ವಸ್ತುಗಳ ತಯಾರಿಕಾ ಘಟಕ' ಎಂಬ ಹೊಸ ವರ್ಗಕ್ಕೆ ಸೇರಿತು. ಹಿಂದೆಯೇ ಆದೇಶವೂ ಬಂತು:

"ಸದರಿ ಘಟಕವು ಯಾವುದೇ ವಸ್ತುವನ್ನು ಮುಗಿಸತಕ್ಕದ್ದಲ್ಲ. ಮುಗಿಯುವ ಲಕ್ಷಣ ಕಂಡುಬಂದಲ್ಲಿ ಕೂಡಲೇ ಬೇರೊಂದನ್ನು ಆರಂಭಿಸತಕ್ಕದ್ದು. ಕಾಫಿಗೆಂದು ಎದ್ದವರು ಅದೇ ಕೆಲಸಕ್ಕೆ ಮರಳತಕ್ಕದ್ದಲ್ಲ. ತಪ್ಪಿದಲ್ಲಿ ಮಳಿಗೆಯನ್ನು ಹಿಂಪಡೆಯಲಾಗುವುದು."

"ನಿನ್ನನ್ನು ಎದುರಿಗೆ ಕೂರಿಸ್ಕೊಂಡು ಬರ್ದಂಗಿದೆ," ಎಂದರು ವಿಮಲಮ್ಮ. ಪ್ರೇಮಕುಮಾರಿ ಖುಷಿಯಿಂದ ಆದೇಶಕ್ಕೆ ಚೌಕಟ್ಟು ಹಾಕಿದಳು. ಮೂರು ಬದಿಗೆ.

ಅನಾಹುತ ಶುರುವಾದದ್ದು ಆಮೇಲೆ. ಮಾಡು ಮಾಡು ಎಂದಾಗ ಮಾಡದ ಕೈ, ಮಾಡಬೇಡ ಎಂದೊಡನೆ ತುರಿಸತೊಡಗಿತು. ಕದ್ದು ಮುಗಿಸುವುದರಲ್ಲಿ ಎಂಥಾ ರುಚಿ! ಬಾಗಿಲು ಅರ್ಧ ಎಳೆದುಕೊಂಡು ಕುಳಿತಳು. ಆನೆಗೆ ಸೊಂಡಿಲು ಬಂತು, ಬಾಲ ಬಂತು, ಉಗುರೂ ಬಂತು. ದೀಪದ ಕಂಬಕ್ಕೆ ವೈರು ಬಂತು.

"ಸಾಕು ಏಳೇ ಪ್ರೇಮಾ, ಮಳಿಗೆ ಹೋಗ್ತದೆ!"

"ಇದೊಂದು ಮುಗಿಸಿ ಬಂದೆ ಅತ್ತಿಗೆ."

ಈ ಮಾತು ಅವಳ ಬಾಯಲ್ಲಿ ಬಂದದ್ದು ಅದೇ ಮೊದಲು. ವಿಮಲಮ್ಮನಿಗೆ ಕಣ್ಣು ತುಂಬಿ ಬಂದರೂ, ನಿಯಮ ನೆನೆದು ಒರೆಸಿಕೊಂಡರು.

ಸುರೇಂದ್ರ ಬಿಡುವವನೇ? ಒಂದು ಆನೆ, ಒಂದು ದೀಪದ ಕಂಬ ಕೊಂಡುಕೊಂಡವನೇ ದೂರು ಕೊಟ್ಟು, ಗುರುವಯ್ಯನವರನ್ನು ಮಳಿಗೆಗೇ ಕರೆತಂದ.

"ನೋಡಿ ಸಾರ್, ಪೂರ್ತಿ ಆನೆ! ಉಗುರಿನ ಸಮೇತ!"

ಪ್ರೇಮಕುಮಾರಿ ಉಳಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಗೋಡೆಗೆ ಒರಗಿದಳು. ಹೊಸ ವರ್ಗವನ್ನು ಕಂಡುಹಿಡಿದದ್ದಕ್ಕಾಗಿ ಗುರುವಯ್ಯನವರಿಗೆ ಆಗಲೇ ಬಡ್ತಿ ಸಿಕ್ಕಿತ್ತು. ವರ್ಗ ಹೋದರೆ ಬಡ್ತಿಯ ಗತಿ ಏನೆಂದು ಯಾವ ನಿಯಮದಲ್ಲೂ ಇರಲಿಲ್ಲ. ಅವರು ಆನೆಯನ್ನು ನೆಲದ ಮೇಲಿಟ್ಟು, ಸ್ವಲ್ಪ ಹೊತ್ತು ಕಾದರು.

"ನಡೀತದಾ?"

"ಮರದ ಆನೆ ಸಾರ್, ಹೆಂಗೆ ನಡೀತದೆ?"

"ಅಪೂರ್ಣ."

"ಈ ದೀಪ?"

"ಹಚ್ಚಿ ನೋಡುವ."

"ಮೊನ್ನೆ ಗಾಳಿಗೆ ಹೋದ ಕರೆಂಟು ಇನ್ನೂ ಬಂದಿಲ್ಲ ಸಾರ್."

"ಅದೂ ಅಪೂರ್ಣ. ಘಟಕ ನಿಯಮದ ಪ್ರಕಾರ ನಡೀತಾ ಇದೆ."

ಮಳಿಗೆ ಉಳಿಯಿತು. ಭಯವೂ ಹೋಯಿತು. ಭಯ ಹೋದೊಡನೆ ಪ್ರೇಮಕುಮಾರಿಯ ಕೈಯೂ ನಿಂತಿತು. ಕುತ್ತಿಗೆಯ ನವಿಲು ಕುತ್ತಿಗೆಯಲ್ಲೇ ಉಳಿಯಿತು. ಅವಳು ಯಾರದೋ ಕೊಡೆ ರಿಪೇರಿಗೆ ಕುಳಿತಳು. ವಿಮಲಮ್ಮ ಒಂದು ವಾರ ನೋಡಿದರು. ಆಮೇಲೆ ಒಂದು ಬೆಳಿಗ್ಗೆ ಗಂಭೀರವಾಗಿ ಹೇಳಿದರು: "ಗುರುವಯ್ಯನವರ ಫೋನ್ ಬಂದಿತ್ತು. ಆ ನವಿಲೇನಾದ್ರೂ ಮುಗಿದ್ರೆ ಈ ಸಲ ಬಿಡಲ್ಲವಂತೆ."

ಸಂಜೆಗೆ ನವಿಲು ಗರಿ ಬಿಚ್ಚಿ ನಿಂತಿತ್ತು. ಫೋನ್ ಬಂದಿರಲಿಲ್ಲವೆಂದು ಪ್ರೇಮಕುಮಾರಿಗೂ ಗೊತ್ತಿತ್ತು. ಕೈಗೆ ಹೇಳಲಿಲ್ಲ ಅಷ್ಟೇ.

ಈಗ ಕಳಸದಲ್ಲಿ ಆರ್ಡರು ಕೊಡುವ ಕ್ರಮವೇ ಅದು. ಮದುವೆ ಮನೆಯವರು ಬಂದು "ಲಗ್ನದೊಳಗೆ ಮುಗ್ಸಿಬಿಟ್ಟೀರಿ, ಹುಷಾರು" ಎಂದು ಗದರಿ ಅಡ್ವಾನ್ಸ್ ಕೊಟ್ಟು ಹೋಗುತ್ತಾರೆ. ಬೇರೆ ಕಡೆ ಜಾಗ ಸಿಕ್ಕಿದ ಸುರೇಂದ್ರನೂ ಕೋಳಿ ಅಂಗಡಿಯ ಬೋರ್ಡಿಗಾಗಿ ಬಂದ.

"ಪ್ರೇಮಕ್ಕಾ, ಭಾನುವಾರದೊಳಗೆ ಇದು ಮುಗೀಲೇಬಾರ್ದು. ಮುಗಿದ್ರೆ ಮತ್ತೆ ದೂರು ಕೊಡ್ತೀನಿ."

"ಕೊಡು, ನೋಡ್ತೀನಿ," ಎಂದಳು ಪ್ರೇಮಕುಮಾರಿ, ಆಗಲೇ ಉಳಿ ಹುಡುಕುತ್ತ.

ಶನಿವಾರವೇ ಬೋರ್ಡು ಏರಿತು. ಅದರ ಮೇಲಿನ ಹುಂಜಕ್ಕೆ ಒಂದು ಕಾಲಿಲ್ಲ. ಗಿರಾಕಿಗಳು ಕೇಳಿದರೆ, ಕಾಲು ಇದ್ದಿದ್ದರೆ ಕಾನೂನಿಗೆ ವಿರುದ್ಧವಾಗುತ್ತಿತ್ತು ಎಂದು ಸುರೇಂದ್ರ ತಕ್ಕಡಿ ಹಿಡಿದುಕೊಂಡೇ ವಿವರಿಸುತ್ತಾನೆ. ಅವರೂ ಹೌದಲ್ಲವೇ ಎಂದು ತಲೆಯಾಡಿಸಿ ಕೋಳಿ ಕೊಂಡು ಹೋಗುತ್ತಾರೆ.