ಹೊಲಿಗೆ ಅಂಗಡಿಯ ಅಕ್ಕನವರನ್ನು ಅನ್‌ಬ್ಲಾಕ್ ಮಾಡುವ ಹಾಗೂ ನಗುವ ಮುಖಗಳಿಗೆ ಮಿತಿ ಹೇರುವ ಕುರಿತು

ಸಂಖ್ಯೆ: ನಲ್ಲಿ/ನಗು/ನಿಯಂತ್ರಣ/೭(ಅ)
ದಿನಾಂಕ: ಸಹಿ ಬಿದ್ದ ದಿನ

ವಿಷಯ: ನೀರು ಸರಬರಾಜು ಇಲಾಖೆಯ ಆನ್‌ಲೈನ್ ಪುಟದಲ್ಲಿ ಸಾರ್ವಜನಿಕರು ಪ್ರಶ್ನೆ ಕೇಳುತ್ತಿರುವ ಬಗ್ಗೆ.

ಉಲ್ಲೇಖ: ನ್ಯಾಯಾಲಯದ ಆದೇಶ (ಎರಡು ಬಾರಿ ಓದಲಾಗಿದೆ, ಎರಡು ಬಾರಿಯೂ ಅದೇ ಅರ್ಥ ಬಂದಿದೆ).

ಹಿರಿಯ ಅಧಿಕಾರಿಯವರು ಹೊಸ ನಲ್ಲಿಯನ್ನು ಉದ್ಘಾಟಿಸುತ್ತಿರುವ ಚಿತ್ರವನ್ನು ಇಲಾಖೆಯ ಪುಟದಲ್ಲಿ ಪ್ರಕಟಿಸಲಾಗಿತ್ತು. ಸದರಿ ಚಿತ್ರದಲ್ಲಿ ರಿಬ್ಬನ್, ಕತ್ತರಿ ಹಾಗೂ ಅಧಿಕಾರಿಯವರ ಹಲ್ಲುಗಳು ಸ್ಪಷ್ಟವಾಗಿ ಗೋಚರಿಸುತ್ತಿದ್ದವು. ನೀರು ಗೋಚರಿಸುತ್ತಿರಲಿಲ್ಲ. ಹೊಲಿಗೆ ಅಂಗಡಿ ನಡೆಸುವ ಅಕ್ಕ ಎಂಬುವರು ಚಿತ್ರದ ಕೆಳಗೆ ‘ನಲ್ಲಿ ಚೆನ್ನಾಗಿದೆ. ನೀರು ಯಾವಾಗ?’ ಎಂದು ಬರೆದರು. ಅದಕ್ಕೆ ಊರಿನವರು ನಗುವ ಮುಖಗಳನ್ನು ಒತ್ತತೊಡಗಿದರು. ಶಿಸ್ತಿನ ದೃಷ್ಟಿಯಿಂದ ಕಾಮೆಂಟನ್ನು ಅಳಿಸಿ, ಸದರಿಯವರನ್ನು ಬ್ಲಾಕ್ ಮಾಡಲಾಯಿತು. ಆದುದರಿಂದ ಈ ಕೆಳಕಂಡಂತೆ ಎಲ್ಲರ ಗಮನಕ್ಕೆ ತರಲಾಗಿದೆ:

೧. ಕಾಮೆಂಟ್ ಅಳಿಸುವಾಗ ಪುಟದ ಗುಮಾಸ್ತರು ನಕ್ಕಿರುವುದು ಕಂಡುಬಂದಿದೆ. ಇನ್ನು ಮುಂದೆ ಅಳಿಸುವ ಸಿಬ್ಬಂದಿ ಗೋಡೆಗೆ ಮುಖ ಮಾಡಿ ಕೂರತಕ್ಕದ್ದು.

೨. ನಗುವ ಮುಖ ಒತ್ತಲೇಬೇಕೆನ್ನುವವರು ಬಾಯಿ ಮುಚ್ಚಿದ ಮುಖವನ್ನಷ್ಟೇ ಬಳಸತಕ್ಕದ್ದು. ಕಣ್ಣೀರು ಸುರಿಸಿ ನಗುವ ಮುಖವನ್ನು ಬಳಸಿದಲ್ಲಿ, ಸದರಿ ಕಣ್ಣೀರನ್ನು ಆಯಾ ಬೀದಿಯ ನೀರಿನ ಪಾಲಿನಲ್ಲಿ ಕಳೆಯಲಾಗುವುದು.

೩. ಪ್ರಶ್ನೆಗಳನ್ನು ಹೊಗಳಿಕೆಯ ರೂಪದಲ್ಲಿ ಸಲ್ಲಿಸತಕ್ಕದ್ದು. ಮಾದರಿ: ‘ಆಹಾ, ನಮ್ಮ ಕೊಡ ಎಷ್ಟು ಹಗುರ!’

೪. ನೀರು ಬಿಡುವ ಸಮಯವನ್ನು ಇಲಾಖೆಯು ಸದರಿ ಪುಟದಲ್ಲಿ ಮಾತ್ರ ಪ್ರಕಟಿಸುತ್ತದೆ. ಬ್ಲಾಕ್ ಆದವರಿಗೆ ಅದು ಕಾಣುವುದಿಲ್ಲ ಎಂಬ ಸಂಗತಿ, ಅಕ್ಕನವರು ಖಾಲಿ ಕೊಡದೊಂದಿಗೆ ಕಚೇರಿಗೆ ಬಂದ ನಂತರವಷ್ಟೇ ಇಲಾಖೆಯ ಗಮನಕ್ಕೆ ಬಂದಿದೆ. ಅವರು, “ನಾನೇನ್ ಬೈದ್ನಾ ಸಾರ್? ನೀರು ಯಾವಾಗ ಅಂತ ಕೇಳ್ದೆ, ಅಷ್ಟೇ. ಈಗ ಪಕ್ಕದ್ಮನೆ ಕೊಡದ ಸದ್ದು ಕೇಳಿ ನಾನು ಓಡ್ಬೇಕು. ಹೊಲಿಗೆ ಮಿಷನ್ ಸದ್ದಲ್ಲಿ ಅದೂ ಕೇಳ್ಸಲ್ಲ. ಮೂರು ಸಲ ತಪ್ಪೋಯ್ತು” ಎಂದರು. ಮಾತುಗಳನ್ನು ಯಥಾವತ್ತಾಗಿ ದಾಖಲಿಸಲಾಯಿತು.

೫. ತದನಂತರ, ಬೇಕರಿಯ ಮೇಲ್ಮಹಡಿಯಲ್ಲಿ ಎರಡು ಕುರ್ಚಿ ಹಾಕಿಕೊಂಡು, ಆನ್‌ಲೈನಿನಲ್ಲಿ ಜನರು ಮಾತಾಡುವ ಹಕ್ಕಿಗಾಗಿ ಬಿಟ್ಟಿ ದುಡಿಯುವ ಸಂಸ್ಥೆಯೊಂದರ ವಕೀಲೆ ಆಗಮಿಸಿದರು. “ಇದು ನಿಮ್ಮನೆ ಆಲ್ಬಮ್ ಅಲ್ಲ ಸಾರ್, ಕಚೇರಿ ಪುಟ. ಇಲ್ಲಿ ಕೇಳೋ ಹಕ್ಕು ಎಲ್ರಿಗೂ ಇದೆ” ಎಂದರು. ಅದಕ್ಕೆ ಹಿರಿಯ ಅಧಿಕಾರಿಯವರು, “ಹೊಗಳೋ ಹಕ್ಕೂ ಇದೆಯಲ್ಲಮ್ಮಾ, ಅದನ್ಯಾಕೆ ಯಾರೂ ಉಪಯೋಗ್ಸಲ್ಲ?” ಎಂದು ನೊಂದು ನುಡಿದರು. ವಕೀಲೆಯವರು ಅದನ್ನೂ ಬರೆದುಕೊಂಡು, ಅಕ್ಕನವರ ಪರವಾಗಿ ನ್ಯಾಯಾಲಯದಲ್ಲಿ ದಾವೆ ಹೂಡಿದರು.

೬. ಮೊದಲೇ ಜಾರಿಯಾಗಿದ್ದ ಖಂಡಿಕೆ ೨ ಮತ್ತು ೩ನ್ನು ನ್ಯಾಯಾಲಯವು ರದ್ದುಪಡಿಸಿದೆ. ಟೈಪ್ ಮಾಡಿ ಆಗಿದ್ದರಿಂದ ಅವನ್ನು ಇಲ್ಲಿ ಹಾಗೆಯೇ ಉಳಿಸಿಕೊಳ್ಳಲಾಗಿದೆ, ಯಾರೂ ಪಾಲಿಸತಕ್ಕದ್ದಲ್ಲ.

೭. ಅಕ್ಕನವರನ್ನು ಅನ್‌ಬ್ಲಾಕ್ ಮಾಡಿ, ಅವರ ಪ್ರಶ್ನೆಗೆ ಸಾರ್ವಜನಿಕವಾಗಿ ಉತ್ತರಿಸಬೇಕೆಂದೂ ಆದೇಶವಾಗಿದೆ. ಇಲಾಖೆಯಲ್ಲಿ ಉತ್ತರದ ಮಾದರಿ ಲಭ್ಯವಿಲ್ಲದ ಕಾರಣ, ಹಿರಿಯ ಅಧಿಕಾರಿಯವರು ಬಾಗಿಲು ಹಾಕಿಕೊಂಡು, ಒಂದಿಡೀ ಮಧ್ಯಾಹ್ನ ಬರೆದು ಅಳಿಸಿ, ಅಳಿಸಿ ಬರೆದು, ಕೊನೆಗೆ ‘ನಾಳೆ ಬೆಳಿಗ್ಗೆ ಆರಕ್ಕೆ ಬಿಡ್ತೀವಮ್ಮಾ. ತಪ್ಪಾಯ್ತು’ ಎಂದು ಪ್ರಕಟಿಸಿದ್ದಾರೆ. ಮರುದಿನ ಆರಕ್ಕೆ ನೀರು ಬಂದಿರುತ್ತದೆ. ಇದಕ್ಕೆ ಯಾವುದೇ ಸಿಬ್ಬಂದಿಯನ್ನು ಹೊಣೆ ಮಾಡತಕ್ಕದ್ದಲ್ಲ.

೮. ಸದರಿ ಉತ್ತರದ ಕೆಳಗೆ ಸಾರ್ವಜನಿಕರು ಕೆಂಪು ಹೃದಯಗಳನ್ನು ಒತ್ತಿರುತ್ತಾರೆ, ಮೊದಲನೆಯದು ಅಕ್ಕನವರದು. ಇಲಾಖೆಗೆ ಈ ಹಿಂದೆ ಹೃದಯ ಬಂದ ನಿದರ್ಶನವಿಲ್ಲ. ಸ್ವೀಕರಿಸಬಹುದೇ ಎಂದು ಮೇಲಿನವರಿಂದ ಸ್ಪಷ್ಟನೆ ಕೋರಲಾಗಿದೆ. ಸ್ಪಷ್ಟನೆ ಬರುವವರೆಗೆ ಹಿರಿಯ ಅಧಿಕಾರಿಯವರಿಗೆ ಅವುಗಳನ್ನು ಗಂಟೆಗೊಮ್ಮೆ ನೋಡಿಕೊಳ್ಳಲು ಅನುಮತಿಸಲಾಗಿದೆ.

(ಸಹಿ/-)
ಅಧೀಕ್ಷಕರು (ಪ್ರಭಾರ)
ನಗು ಮತ್ತು ಸಂಕೀರ್ಣ ವಿಭಾಗ

ಪ್ರತಿಗಳು:
೧. ಹೊಲಿಗೆ ಅಂಗಡಿಯ ಅಕ್ಕನವರಿಗೆ, ಮಾಹಿತಿಗಾಗಿ.
೨. ವಕೀಲೆ, ಬೇಕರಿಯ ಮೇಲ್ಮಹಡಿ: ಸದ್ಯಕ್ಕೆ ಬರಬೇಕಾಗಿಲ್ಲವೆಂಬ ವಿನಂತಿಯೊಂದಿಗೆ.
೩. ಪುಟದ ಗುಮಾಸ್ತರು: ಕುರ್ಚಿ ತಿರುಗಿಸಿಕೊಳ್ಳಬಹುದು.
೪. ಸೂಚನಾ ಫಲಕ: ಮೊಳೆ ಸಿಕ್ಕಿದಲ್ಲಿ.