ಅಪ್ಪ ನನ್ನನ್ನು ಕರೆದೊಯ್ಯಲು ಬಂದದ್ದು

ಸಂಸಾರದ ದೊಡ್ಡ ದೊಡ್ಡ ತೀರ್ಮಾನಗಳನ್ನು ಗಂಡಸರು ಹೆಂಡತಿಯ ಎರಡೂ ಕೈಗಳಿಗೆ ಬಿಡುವಿಲ್ಲದ ಹೊತ್ತು ನೋಡಿಯೇ ಹೇಳುತ್ತಾರೆಂಬುದು ನನ್ನ ಅನುಭವ. ಬೆಂಗಳೂರಿನ ವಿಮಾ ಕಚೇರಿಯ ಕೆಲಸಕ್ಕೆ ರಾಜೀನಾಮೆ ಕೊಟ್ಟ ಸುದ್ದಿಯನ್ನು ನಮ್ಮವರು ನಾನು ಅನ್ನ ಬಸಿಯುತ್ತಿದ್ದಾಗ ತಿಳಿಸಿದರು. ಸಿಂದಗಿ ತಾಲ್ಲೂಕಿನ ಕನ್ನೊಳ್ಳಿಯ ಹತ್ತಿರ ಹೊಲ ಕೊಂಡಿದ್ದಾರಂತೆ, ಹೊಲದಲ್ಲೇ ಮನೆಯಂತೆ. "ಇನ್ನು ಮೇಲೆ ನಿಸರ್ಗದ ಮಡಿಲಲ್ಲಿ ಬದುಕೋಣ ಕಮಲಾ" ಎಂದರು. ಎಪ್ಪತ್ತರ ದಶಕದ ನಡುಗಾಲವದು, ಓದಿದವರಿಗೆ ಹಳ್ಳಿಯ ಹುಚ್ಚು ಹಿಡಿಯುತ್ತಿದ್ದ ಕಾಲ. ಪಾತ್ರೆ ಬಿಟ್ಟು ಜಗಳಕ್ಕೆ ನಿಂತರೆ ಅನ್ನ ನೆಲದ ಪಾಲಾಗುತ್ತಿತ್ತು. ಕೆಲಸವಂತೂ ಹೋಯಿತು, ಅನ್ನವನ್ನಾದರೂ ಉಳಿಸಿಕೊಳ್ಳೋಣ ಎಂದು ಗಂಜಿ ಪೂರ್ತಿ ಬಸಿದೆ.

ಎತ್ತಿನ ಗಾಡಿ ನಮ್ಮನ್ನು ಹೊಲದಲ್ಲಿ ಇಳಿಸಿದಾಗ ಸುತ್ತ ಕಣ್ಣು ಹಾಯಿಸಿದೆ. ಕಣ್ಣಿಗೆ ಎಲ್ಲಿಯೂ ತಡೆಯೇ ಇಲ್ಲ! ಕಪ್ಪು ನೆಲ, ಅದರ ಮೇಲೆ ಆಕಾಶ, ನಡುವೆ ಒಂದು ಬೇವಿನ ಮರ, ಮರದಡಿ ಎರಡು ಕೋಣೆಯ, ಮಣ್ಣಿನ ಚಪ್ಪಟೆ ಸೂರಿನ ಮಾಳಿಗೆ ಮನೆ. ವನವಾಸ ಎನ್ನಲು ವನವಾದರೂ ಇರಬೇಕಲ್ಲ! ನೆರೆಮನೆಯೆಂದರೆ ಮೂರು ಹೊಲದಾಚೆ ಗೌರವ್ವನ ಮನೆ. ಮಲ್ಲೇಶ್ವರದಲ್ಲಿ ಕಾಂಪೌಂಡಿನ ಮೇಲೆ ಬಾಗಿ ಪಿಸುಗುಟ್ಟಿ ರೂಢಿಯಾದವಳು ನಾನು. ಮರುದಿನ ಬೆಳಿಗ್ಗೆ ದೂರದಿಂದ ಒಂದು ಕೂಗು ಕೇಳಿ, ಯಾರೋ ಬಾವಿಗೆ ಬಿದ್ದರೆಂದು ಓಡಿದೆ. ಬದುವಿನ ಮೇಲೆ ನಿಂತಿದ್ದ ಗೌರವ್ವ ಕೇಳುತ್ತಿದ್ದದ್ದು ಇಷ್ಟೇ: "ಅಕ್ಕಾರಾ, ಚಾ ಆತೇನ್ರೀ?"

ಏಳು ವರ್ಷದ ನನ್ನ ಮಗಳು ಸುಧಾ ಕೆಲವೇ ದಿನಗಳಲ್ಲಿ "ಆತ್ರೀ, ನಿಮ್ದು?" ಎಂದು ತಿರುಗಿ ಕೂಗಲು ಕಲಿತಳು. ಇವಳ ಓದು ಏನಾಗಬೇಕು? ನನ್ನ ಬಾಯಿಗೊಂದು ಮಾತು ಬೇಡವೇ? ದಸರಾ ರಜೆ ಮುಗಿಯುವುದರೊಳಗೆ ಮಗಳೊಡನೆ ಬೆಂಗಳೂರಿನ ತವರಿಗೆ ಹೋಗಿ ಅಲ್ಲೇ ಇದ್ದುಬಿಡುತ್ತೇನೆ ಎಂದೆ. ನಮ್ಮವರು ಜಗಳವಾಡಿದ್ದರೆ ಚೆನ್ನಾಗಿತ್ತು. "ನಿನ್ನನ್ನ ಹಿಡಿದು ಕೂರಿಸೋಕೆ ಆಗಲ್ಲ ಕಮಲಾ. ಆದರೆ ನಾನು ಮತ್ತೆ ಆ ಕುರ್ಚಿಗೆ ವಾಪಸ್ ಹೋಗಲ್ಲ" ಎಂದು ಮೆಲ್ಲಗೆ ಹೇಳಿ, ನನ್ನ ಟ್ರಂಕಿನ ತುಕ್ಕು ಹಿಡಿದ ಚಿಲಕಕ್ಕೆ ಎಣ್ಣೆ ಬಿಟ್ಟುಕೊಟ್ಟರು. ಅಂಥ ಗಂಡನನ್ನು ಬಿಟ್ಟುಹೋಗುವುದು ಬಹಳ ಕಷ್ಟದ ಕೆಲಸ. ಒಬ್ಬಳ ಕೈಲಾಗದೆಂದು ಅಪ್ಪನಿಗೆ ಬರಹೇಳಿದೆ.

ಅಪ್ಪ ಬಂದ ದಿನವೇ ಹಿಂಗಾರಿ ಮಳೆಯೂ ಬಂತು. ಅವರು ನಿವೃತ್ತ ಹೆಡ್‌ಮಾಸ್ತರರು. ಅಮ್ಮ ತೀರಿಕೊಂಡ ಮೇಲೂ ಪಾಲಿಶ್ ಹಾಕಿದ ಬೂಟಿಲ್ಲದೆ ಹಾಲು ತರಲೂ ಹೋದವರಲ್ಲ. ರಸ್ತೆಯಲ್ಲಿ ಬಸ್ಸಿನಿಂದ ಇಳಿದು ನಮ್ಮ ಮನೆಯ ಕಡೆ ನಡೆಯತೊಡಗಿದ್ದಾರೆ. ನೆನೆದ ಜಿಗುಟು ಕಪ್ಪು ಎರಿ ಮಣ್ಣು ಹೆಜ್ಜೆಹೆಜ್ಜೆಗೂ ಬೂಟಿಗೆ ಮೆತ್ತಿ ಮೆತ್ತಿ, ಕೊನೆಗೆ ಎರಡು ಒರಳುಕಲ್ಲು ಕಟ್ಟಿಕೊಂಡವರ ಹಾಗೆ ನಡುಹೊಲದಲ್ಲಿ ನಿಂತುಬಿಟ್ಟರು. ಗೌರವ್ವ ಸೀರೆ ಎತ್ತಿಕಟ್ಟಿ ಓಡಿದಳು. "ನಿಂದ್ರಬ್ಯಾಡ್ರೀ ಅಜ್ಜಾರ, ನಿಂತ್ರ ಅಲ್ಲೇ ನಾಟ್ಕೋತೀರಿ! ಬೂಟ್ ಬಿಟ್ಟು ಬರ್ರೀ!" ಬೂಟುಗಳನ್ನು ಭೂಮಿತಾಯಿಗೆ ಒಪ್ಪಿಸಿ, ಒಂದು ಕೈಯಲ್ಲಿ ಛತ್ರಿ, ಇನ್ನೊಂದರಲ್ಲಿ ಗೌರವ್ವನ ಕೈ ಹಿಡಿದು ಬಂದ ಅಪ್ಪ ಹೊಸ್ತಿಲಲ್ಲೇ ಘೋಷಿಸಿದರು: "ನಾಳೆ ಬೆಳಿಗ್ಗೆ ಹೊರಡೋದು. ಮನುಷ್ಯರು ಇರೋ ಜಾಗವೇ ಇದು?"

ಮಳೆ ನಿಲ್ಲದೆ ದಾರಿ ಕಟ್ಟಿತು. ಆ ದಿನಗಳಲ್ಲಿ ನಾನೆಣಿಸದ ಒಂದು ಸಂಗತಿ ನಡೆಯಿತು. ಅಪ್ಪನಿಗೆ ಕೆಲವು ವರ್ಷಗಳಿಂದ ಕಿವಿ ಮಂದ. ಬೆಂಗಳೂರಿನಲ್ಲಿ ಯಾರು ಮಾತಾಡಿದರೂ "ಆಂ?" ಎನ್ನಬೇಕು. ಎರಡು ಸಲ "ಆಂ?" ಎಂದ ಮೇಲೆ ಎದುರಿನವರು "ಏನಿಲ್ಲ ಬಿಡಿ" ಎಂದುಬಿಡುತ್ತಿದ್ದರು, ನಾನೂ ಸೇರಿ. ಹಾಗಾಗಿ ಅವರು ಮಾತನ್ನೇ ಬಿಟ್ಟಿದ್ದರು. ಇಲ್ಲಿ ಗೌರವ್ವ ಬದುವಿನಿಂದ "ಅಜ್ಜಾರಾ, ರೊಟ್ಟಿ ಮಾಡಾಕತ್ತೇನಿ, ಶೇಂಗಾ ಹಿಂಡಿ ಐತಿ, ಬರ್ತೀರೇನ್ರೀ?" ಎಂದರೆ ಅಪ್ಪನಿಗೆ ಅಷ್ಟೂ ಒಂದೇ ಸಲಕ್ಕೆ ಕೇಳಿಸಿತು! "ಬಂದೇ ತಾಯಿ!" ಎಂದು ಬರಿಗಾಲಲ್ಲೇ ಹೊರಟರು. ಸಂಜೆ ಬಂದವರ ಮುಖ ಆ ಕಡಲೆಕಾಯಿ ಚಟ್ನಿಪುಡಿಯ ಖಾರಕ್ಕೋ ಖುಷಿಗೋ ಕೆಂಪೇರಿತ್ತು. "ಈ ಸೀಮೆಯವರು ಎಷ್ಟು ಚೆನ್ನಾಗಿ ಮಾತಾಡ್ತಾರೆ ಕಮಲಾ! ನೀವೆಲ್ಲ ಬಾಯೊಳಗೇ ಗೊಣಗ್ತೀರಿ" ಎಂದು ನಕ್ಕೇ ನಕ್ಕರು. ಅವರು ಅಷ್ಟು ನಕ್ಕದ್ದನ್ನು ನೋಡಿ ನಾನು ಒಳಗೆ ಹೋಗಿ ಕಣ್ಣೊರೆಸಿಕೊಂಡೆ. ಒಲೆಯ ಹೊಗೆ ಎಂದು ಎಲ್ಲರಿಗೂ ಹೇಳಿದೆ.

ನೆಲ ಆರಿತು. ಟ್ರಂಕು ಕಟ್ಟಿ ನಿಂತೆ. ಸಂತೆಗೆ ಹೊರಟ ಗೌರವ್ವನ ಗಾಡಿ ಬಾಗಿಲಿಗೇ ಬಂತು. ಅಪ್ಪ ಮಾತ್ರ ಪಂಚೆ ಎತ್ತಿಕಟ್ಟಿ ಕೂತಲ್ಲೇ ಕೂತಿದ್ದರು. "ಜೋಳ ಬಿತ್ತೋದು ನೋಡ್ಕೊಂಡು ಬರ್ತೀನಮ್ಮ. ನೀನು ನಡಿ, ತಗೋ ಮನೆ ಬೀಗದ ಕೈ" ಎಂದರು. ಸುಧಾ ಓಡಿ ತಾತನ ಬೆನ್ನಿಗೆ ಅಂಟಿಕೊಂಡಳು: "ತಾತ ಇದ್ದರೆ ನಾನೂ ಇಲ್ಲೇ!" ಅಷ್ಟು ರಂಪ ಮಾಡಿ ಈಗ ಹಿಂದೆ ಸರಿಯುವುದು ಹೇಗೆ? "ಇರಿ ಎಲ್ಲ. ಸ್ಕೂಲಿನಲ್ಲಿ ಸೀಟು ಮಾಡಿಸಿ ಬಂದು ಇವಳನ್ನ ಕರ್ಕೊಂಡು ಹೋಗ್ತೀನಿ" ಎಂದು ಗಾಡಿ ಹತ್ತಿದೆ. ನಮ್ಮವರು ಬೇವಿನ ಮರದಡಿ ನಿಂತು ಕೈಯೆತ್ತಿದರು. ಬೀಸಲಿಲ್ಲ, ಸುಮ್ಮನೆ ಎತ್ತಿ ಹಿಡಿದುಕೊಂಡರು.

ಸಿಂದಗಿಯ ಬಸ್ ಸ್ಟ್ಯಾಂಡಿನಲ್ಲಿ ಟ್ರಂಕಿನ ಮೇಲೆ ಕೂತು ಯೋಚಿಸಿದೆ. ಬೆಂಗಳೂರಿಗೆ ಹೋಗಿ ಬೀಗ ತೆಗೆದರೆ ಒಳಗೆ ಯಾರಿದ್ದಾರೆ? ನಾನು ಹತ್ತಬೇಕಿದ್ದ ಬಿಜಾಪುರದ ಬಸ್ಸು ಹೇಳಿದ ಹೊತ್ತಿಗೆ ಸರಿಯಾಗಿ ಬಂತು. ಜನ ಹತ್ತಿದರು, ಕಂಡಕ್ಟರು ಸೀಟಿ ಊದಿದ, ಬಸ್ಸು ಹೋಯಿತು. ಬುಟ್ಟಿ ಹಿಡಿದು ಬಂದ ಗೌರವ್ವ ನನ್ನನ್ನೂ ಟ್ರಂಕನ್ನೂ ನೋಡಿದಳು.

"ಬಸ್ ಹೋತಲ್ರೀ ಅಕ್ಕಾರ?"

"ಹೋಗಲಿ ಬಿಡು."

"ಹಂಗಾದ್ರ ಏಳ್ರೀ, ಬದನಿಕಾಯಿ ಛಲೋ ಬಂದಾವು" ಎಂದು ಟ್ರಂಕಿನ ಒಂದು ಬದಿ ಹಿಡಿದಳು.

ಸಂಜೆ ಗಾಡಿಯಿಂದ ಟ್ರಂಕು ಇಳಿಸುತ್ತ ನಮ್ಮವರು ಕೇಳಿದರು, "ಬಸ್ಸು ತಪ್ಪಿತಾ?" ನಾನು ಹೂಂ ಎಂದೆ. ಇಂದಿಗೂ ನಮ್ಮ ಕಡೆಯ ಬಸ್ಸುಗಳಿಗೆ ಹೊತ್ತುಗೊತ್ತಿಲ್ಲವೆಂದು ಯಾರಾದರೂ ಬೈದರೆ ಅವರು ಬಿಡುವುದಿಲ್ಲ. "ಹಾಗನ್ನಬೇಡಿ, ಅವತ್ತು ಬಸ್ಸು ಹೊತ್ತಿಗೆ ಮುಂಚೆ ಹೊರಟುಹೋಗಿದ್ದಕ್ಕೇ ನನ್ನ ಸಂಸಾರ ಉಳೀತು" ಎಂದು ವಾದಿಸುತ್ತಾರೆ. ನಾನು ಬಂದವರಿಗೆ ಇನ್ನೊಂದಿಷ್ಟು ಚಹಾ ಬಗ್ಗಿಸುತ್ತೇನೆ.