ಮಾವನ ಪಿಕಪ್ಪಿನ ಹಿಂಬಾಗಿಲು

ನಮ್ಮ ಸೋದರಮಾವನ ಹೆಗಲಿಗೆ ಒರಗಿ ನೀವು ನಿದ್ದೆ ಮಾಡಿದರೂ ಅವರು ಏನೂ ಅನ್ನುವುದಿಲ್ಲ. ಅವರ ಪಿಕಪ್ ಗಾಡಿಯ ಹಿಂಬಾಗಿಲಿಗೆ ಮಾತ್ರ ಒರಗಬೇಡಿ!

ಗಾಡಿ ನನಗಿಂತ ಹಿರಿಯದು. ಎಂಜಿನ್ ಎರಡು ಸಲ ಬದಲಾಗಿದೆ. ಸೀಟು, ಸ್ಟೇರಿಂಗ್, ದೀಪ ಎಲ್ಲವೂ ಬೇರೆ ಬೇರೆ ಗಾಡಿಗಳಿಂದ ಬಂದು ಸೇರಿವೆ. ಕಾರ್ಖಾನೆಯಿಂದ ಬಂದ ಹಾಗೆಯೇ ಉಳಿದದ್ದು ಹಿಂದಿನ ಬಾಗಿಲೊಂದೇ; ಸರಕು ಏರಿಸುವಾಗ ಕೆಳಗೆ ಇಳಿಬಿಡುವ ದಪ್ಪ ತಗಡಿನ ಬಾಗಿಲು. ಒಮ್ಮೆ ಕೊಪ್ಪಳದ ಗುಜರಿ ಅಂಗಡಿಯವನೊಬ್ಬ ಅದನ್ನು ತಟ್ಟಿ ನೋಡಿ, “ಇಂಥಾ ಮಾಲು ಈಗ ಬರಂಗಿಲ್ರಿ. ಹುಷಾರ್! ಎರಡು ಪಿನ್ನು ಕಿತ್ತರ ಎತ್ಕೊಂಡು ಹೋಗ್ತಾರ” ಎಂದ. ಆ ಪುಣ್ಯಾತ್ಮ ಅಂದೇ ಮರೆತಿರಬೇಕು, ಮಾವ ಮರೆಯಲಿಲ್ಲ.

ಅದೇ ವಾರ ಪಿನ್ನುಗಳು ಹೋಗಿ ಹೆಬ್ಬೆರಳು ಗಾತ್ರದ ಬೋಲ್ಟುಗಳು ಬಂದವು. ಎರಡೂ ಬದಿಗೆ ಸರಪಳಿ, ಅದಕ್ಕೆ ಮೂರು ಬೀಗ. ತಗಡಿಗೆ ತಗಡು ಉಜ್ಜಬಾರದೆಂದು ಅಂಚಿಗೆಲ್ಲ ಸೈಕಲ್ ಟ್ಯೂಬು ಕತ್ತರಿಸಿ ಅಂಟಿಸಿದರು. ಬಿಸಿಲಿಗೆ ಬಣ್ಣ ಮಾಸಬಾರದಲ್ಲ? ಅತ್ತೆ ಹಳೆಯ ಸೀರೆಗಳಿಂದ ಹೊಲಿದಿಟ್ಟಿದ್ದ ಕೌದಿಯನ್ನೇ ಒಯ್ದು ಹೊದಿಸಿದರು!

ಅತ್ತೆ ಸುಮ್ಮನಿರುತ್ತಾರೆಯೇ? “ಮನಿ ಬಾಗಲಾ ತೆರದಿಟ್ಟು ಹೋಗ್ತಾರ, ಗಾಡಿ ಬಾಗಲಕ್ಕ ಮೂರು ಕೀಲಿ! ನಾ ಥಂಡ್ಯಾಗ ನಡುಗಿದ್ರ ನಡೀತೈತಿ, ತಗಡಿಗೆ ನೆಗಡಿ ಬರಬಾರದು!”

“ನಿನಗ ನೆಗಡಿ ಬಂದ್ರ ಡಾಕ್ಟರ್ ಅದಾರ,” ಮಾವ ಗಂಭೀರವಾಗಿಯೇ ಹೇಳಿದರು. “ಅದಕ್ಕ ತುಕ್ಕು ಬಂದ್ರ ಯಾರದಾರ?”

ಒಂದು ದಿನ ನಮ್ಮೂರು ತಳಕಲ್‌ನಿಂದ ಹನ್ನೊಂದು ಕುರಿ ಹೇರಿಕೊಂಡು ಅಳವಂಡಿಗೆ ಹೋದೆವು. ಗಾಡಿ ನಿಲ್ಲಿಸಿದ ಮೇಲೆ ತಿಳಿಯಿತು, ಕೀಲಿಕೈ ಗೊಂಚಲು, ಕುರಿ ಏರಿಸಿ ಬೀಗ ಹಾಕಿದ ಮೇಲೆ ಮನೆಯಲ್ಲಿ ಕಳಚಿಟ್ಟ ಅಂಗಿಯ ಜೇಬಿನಲ್ಲಿದೆ! ಬೀಗ ಒಡೆಯೋಣ ಎಂದೆ. ಮಾವ ನನ್ನನ್ನು ಕಳ್ಳನನ್ನು ನೋಡುವ ಹಾಗೆ ನೋಡಿದರು. ಕೊನೆಗೆ ಹನ್ನೊಂದೂ ಕುರಿಗಳನ್ನು ಒಂದೊಂದಾಗಿ ಅಪ್ಪಿಕೊಂಡು ಪಕ್ಕದಿಂದ ಇಳಿಸಿದೆವು. ಒಂದು ನನ್ನ ಎದೆಗೇ ಒದ್ದಿತು.

“ಇವು ಕುರಿನೋ, ತಿಜೋರಿ ಒಳಗಿನ ಬಂಗಾರನೋ?” ಎಂದರು ಕೊಂಡವರು. ಮಾವ ಸರಪಳಿಯನ್ನು ಇನ್ನೊಮ್ಮೆ ಜಗ್ಗಿ ನೋಡಿ ಸಂತೋಷಪಟ್ಟರು.

ಹೋದ ವರ್ಷ ಭತ್ತದ ಹುಲ್ಲು ತರಲು ಗಂಗಾವತಿ ಕಡೆ, ಶ್ರೀರಾಮನಗರಕ್ಕೆ ಹೋಗಿದ್ದೆವು. ಕಾಲುವೆಯ ಪಕ್ಕದ ಕೆಸರಿನಲ್ಲಿ ಗಬ್ಬದ ಎಮ್ಮೆಯೊಂದು ಹೊಟ್ಟೆಯವರೆಗೆ ಹೂತುಹೋಗಿತ್ತು. ನಾಲ್ಕಾರು ಮಂದಿ ಹಗ್ಗ ಜಗ್ಗುತ್ತಿದ್ದರು. ಮುಂಗಾಲಿಗೆ ಗಟ್ಟಿ ನೆಲ ಸಿಗದೆ ಅದು ಮತ್ತಷ್ಟು ಕುಸಿಯುತ್ತಿತ್ತು. ಎಮ್ಮೆಯ ಒಡತಿ, ಕೂಲಿ ಮಾಡುವ ಹೆಣ್ಣುಮಗಳು, ಅದರ ಕೊಂಬು ಹಿಡಿದು ನಿಂತು, “ಇನ್ನ ಎಂಟು ದಿನಕ್ಕ ಈಯೋದೈತ್ರಿ” ಎಂದು ಅಳುತ್ತಿದ್ದಳು.

“ಹಲಗಿ ಇದ್ರ ತರ್ರಿ!” ಎಂದು ಯಾರೋ ಕೂಗಿದರು. ಎಲ್ಲಿಂದ ತರಬೇಕು? ಸುತ್ತ ಬರೀ ಗದ್ದೆ.

ಮಾವ ಗಾಡಿಯತ್ತ ನಡೆದರು. ಕೌದಿ ಕಿತ್ತೊಗೆದರು. ಮೂರೂ ಬೀಗ ತೆಗೆದರು. ಬೋಲ್ಟು ಬಿಚ್ಚಲು ಹೊತ್ತು ಹಿಡಿಯಿತು. ಕೊನೆಯದು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಸುತ್ತಿಗೆ ಎತ್ತಿ ತಾವೇ ಹೊಡೆದರು. ಬಣ್ಣ ಚಕ್ಕೆಚಕ್ಕೆಯಾಗಿ ಉದುರಿತು.

“ಮಾಮಾ, ಬಾಗಲಾ ಮಣೀತೈತಿ,” ಎಂದೆ.

“ಮಾತಾಡಬ್ಯಾಡ, ಆ ಕಡಿ ಹಿಡಿ.”

ಬಾಗಿಲನ್ನು ಎಮ್ಮೆಯ ಮುಂದೆ ಕೆಸರಿಗೆ ತೂರಿಸಿದೆವು. ಮಾವ ತಾವೇ ಇಳಿದು ಅದರ ಗೊರಸು ಎತ್ತಿ ತಗಡಿನ ಮೇಲಿಟ್ಟರು. ಎಲ್ಲರೂ ಹಗ್ಗ ಜಗ್ಗಿದೆವು. ಎಮ್ಮೆ ತನ್ನ ಭಾರವನ್ನೆಲ್ಲ ಹಾಕಿತು. ತಗಡು ಕರ್ರೆಂದು ಬಗ್ಗಿ ದೊನ್ನೆಯಾಯಿತು. ಎಮ್ಮೆ ದಂಡೆಗೆ ಬಂದು ನಡುಗುತ್ತಾ ನಿಂತಿತು.

ಆ ಹೆಣ್ಣುಮಗಳು ಬಾಗಿಲಿನ ಕೆಸರನ್ನು ಸೆರಗಿನಿಂದ ಒರೆಸತೊಡಗಿದಳು. “ಅಣ್ಣಾರ, ನಿಮ್ಮ ಬಾಗಲಾ...”

ಮಾವ ಅತ್ತ ನೋಡಲೂ ಇಲ್ಲ. ಎಮ್ಮೆಯ ಹೊಟ್ಟೆಯ ಮೇಲೆ ಅಂಗೈ ಊರಿ, ಕಣ್ಣು ಮುಚ್ಚಿ ನಿಂತಿದ್ದರು.

“ಬಾ ತಂಗಿ, ಇಲ್ಲಿ ಕೈ ಇಡು,” ಎಂದರು ಕೊನೆಗೆ, ಮೆಲ್ಲಗೆ. “ಕರಾ ಮಿಸುಕಾಡಾಕತ್ತೈತಿ.”